ಒಂದೇ ಉದ್ದದ ವೈರು

ಮಾರ್ಚ್ ೯, ಭಾನುವಾರ
ಮಧ್ಯಾಹ್ನ

ಪ್ರೀತಿಯ ಮಗಳಿಗೆ,

ನಿನ್ನ ಅತ್ತೆಯ ತುಂಬು ಮನಸ್ಸಿನ ಆಶೀರ್ವಾದಗಳು. ಮೊದಲು ‘ಸೊಸೆಗೆ’ ಎಂದೇ ಬರೆಯಲು ಹೋದೆ, ಪೆನ್ನು ಅಲ್ಲೇ ನಿಂತಿತು. ನೀನೀಗ ಇನ್ನೊಂದು ಮನೆಯ ಸೊಸೆ. ನಮ್ಮ ಹುಡುಗ ಆ ರಸ್ತೆ ಅಪಘಾತದಲ್ಲಿ ಹೋದ ಮೇಲೂ ನೀನು ನಮ್ಮನ್ನು ಬಿಟ್ಟು ಕದಲಲಿಲ್ಲ. ಇನ್ನೊಂದು ಮದುವೆಯಾಗು ಎಂದು ನಾನೇ ಬೆನ್ನು ಹತ್ತಿ, ಬೈದು, ಮುನಿಸಿಕೊಂಡು ನಿನ್ನನ್ನು ಒಪ್ಪಿಸಬೇಕಾಯಿತು. ಹಾಗೆ ಕಳಿಸಿಕೊಟ್ಟ ಮೇಲೆ ಹಳೆಯ ಹಕ್ಕು ಚಲಾಯಿಸುವುದು ಚೆನ್ನಾಗಿರುವುದಿಲ್ಲ. ಮಗಳು ಎಂದರೆ ಯಾರೂ ಜಗಳಕ್ಕೆ ಬರಲಾರರು ಎಂದು ಹಾಗೇ ಬರೆದಿದ್ದೇನೆ. ನಿನ್ನ ಮಾವನಿಗೆ ಮಾತ್ರ ನೀನು ಇನ್ನೂ ಸೊಸೆಯೇ. ಅವರ ತಲೆಯೊಳಗೆ ಒಂದು ವಿಷಯ ಹೊಕ್ಕರೆ ಹೊರಗೆ ಎಳೆಯುವುದು ಎಷ್ಟು ಕಷ್ಟ ಎಂದು ನಿನಗೆ ಗೊತ್ತೇ ಇದೆ.

ನಿನ್ನ ಗಂಡ ಇಲ್ಲಿಂದ ಹೊರಟ ದಿನವೇ ಬರೆಯಬೇಕಿತ್ತು. ತಡವಾಯಿತು, ತಪ್ಪು ತಿಳಿಯಬೇಡ. ಶಾಲೆಯ ಸಮವಸ್ತ್ರದ ಬಟ್ಟೆ ಮೂಟೆಗಟ್ಟಲೆ ಬಂದು ಬಿದ್ದಿತ್ತು. ಅದು ನಿಜವೇ, ಆದರೆ ಅದು ನೆಪವೂ ಹೌದು. ಎಲ್ಲಿಂದ ಶುರು ಮಾಡುವುದು ಎಂದು ಗೊತ್ತಾಗದೆ ದಿನಾ ಸಂಜೆ ಕಾಗದ ಹರಡಿಕೊಂಡು ಕೂತು, ಅದರ ಮೇಲೆ ಗುಂಡಿ ಎಣಿಸಿ ಎದ್ದುಬಿಡುತ್ತಿದ್ದೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ನಾನು ಫೋನು ಹಿಡಿದರೆ ನಿನ್ನ ಮಾವ ಪಕ್ಕದಲ್ಲಿ ಕೂತು ಒಂದೊಂದು ಮಾತಿಗೂ ತಿದ್ದುಪಡಿ ಹಾಕುತ್ತಾರೆ. “ಹಾಗಲ್ಲ ಕಣೇ, ನಾನು ಹಾಗೆ ಹೇಳ್ಲಿಲ್ಲ,” ಅಂತ. ಈ ಕಥೆಯಲ್ಲಿ ಅವರೇ ಕಳ್ಳ. ಕಳ್ಳನ ಮುಂದೆ ಕೂತು ಕಳ್ಳತನದ ಕಥೆ ಹೇಳುವುದು ಹೇಗೆ? ಈಗ ಊಟ ಮಾಡಿ ಮಲಗಿದ್ದಾರೆ. ಮೂಗಿನ ಪೈಪು ಸರಿಯಾಗಿದೆ, ಯಂತ್ರ ಬುಸುಬುಸು ಅನ್ನುತ್ತಿದೆ. ಎದ್ದೇಳುವಷ್ಟರಲ್ಲಿ ಬರೆದು ಮುಗಿಸಬೇಕು.

ಮೊದಲು ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಿನ್ನ ಗಂಡನನ್ನು ನಮ್ಮ ಮನೆಗೆ ಕಳಿಸಿಕೊಟ್ಟದ್ದಕ್ಕೆ ನಿನಗೆ ಎಷ್ಟು ಹೇಳಿದರೂ ಸಾಲದು. ಬೇರೆ ಹೆಣ್ಣಾಗಿದ್ದರೆ ‘ಹಳೇ ಮನೆಯ ತಲೆನೋವು ಈಗ ಯಾಕೆ’ ಎಂದು ಸುಮ್ಮನಾಗುತ್ತಿದ್ದಳು. ನೀನು ಈ ಸ್ಥಿತಿಯಲ್ಲಿ, ಡಾಕ್ಟರು ಓಡಾಡಬೇಡ ಎಂದಿರುವಾಗ, ಮನೆಯಲ್ಲಿರುವ ಒಬ್ಬ ಗಂಡಸನ್ನೂ ಬಸ್ಸು ಹತ್ತಿಸಿ ಕಳಿಸಿದೆ. ಅದೂ ಒಂದು ಸಲ ಅಲ್ಲ, ಎರಡು ಸಲ. ಅಂದಹಾಗೆ, ಅವನಿಗೆ ಬಹುವಚನ ಹಾಕಿ ಬರೆಯಲು ನನಗೆ ಕೈ ಬರುತ್ತಿಲ್ಲ. ಬೇಸರ ಮಾಡಿಕೊಳ್ಳಬೇಡ ಎಂದು ಹೇಳು.

ನೀನು ಹೋದ ಮೇಲೆ ಇಲ್ಲಿ ಏನೇನಾಯಿತು ಎಂದು ನಿನಗೆ ಪೂರ್ತಿ ತಿಳಿಯದು. ನಿನ್ನ ಮಾವನ ಶ್ವಾಸಕೋಶದಲ್ಲಿ ಅವರು ಜೀವಮಾನವಿಡೀ ಕೊಯ್ದ ಮರದ ಪುಡಿಯೆಲ್ಲ ಹೋಗಿ ಕೂತಿದೆ ಎಂದು ಡಾಕ್ಟರು ಹೇಳಿದರು. ಈಗ ಹಗಲೂ ರಾತ್ರಿ ಆಕ್ಸಿಜನ್ ಯಂತ್ರ ಬೇಕು. ನಮ್ಮ ಬೀದಿಯ ಕರೆಂಟಿನ ಚೆಂದ ನಿನಗೆ ಗೊತ್ತು, ಬಂದರೆ ಬಂತು, ಹೋದರೆ ಹೋಯಿತು. ನಮ್ಮವನು ಮಾಳಿಗೆಯ ಮೇಲೆ ಸೋಲಾರ್ ಹಲಗೆ ಕೂರಿಸಿ, ನಡುಮನೆಯ ಗೋಡೆಗೆ ತನ್ನ ಕೈಯಾರೆ ಸೆಲ್ಲು ಜೋಡಿಸಿ ಮಾಡಿದ ಬ್ಯಾಟರಿ ಪೆಟ್ಟಿಗೆ ಇದೆಯಲ್ಲ, ಅದು ದೀಪಕ್ಕೂ ನನ್ನ ಹೊಲಿಗೆ ಮೆಷಿನ್ನಿಗೂ ಧಾರಾಳವಾಗಿ ಸಾಕಾಗುತ್ತಿತ್ತು. ಈ ಯಂತ್ರ ಬಂದ ಮೇಲೆ ಅದಕ್ಕೆ ಏದುಸಿರು. ರಾತ್ರಿ ಕರೆಂಟು ಹೋದರೆ ಬೆಳಗಾಗುವ ಮೊದಲೇ ಕೈ ಎತ್ತಿಬಿಡುತ್ತಿತ್ತು. ಅದಕ್ಕೇ ಇನ್ನೊಂದು ಹೊಸ ಬ್ಯಾಟರಿ ತರಿಸಿದೆವು.

ಅಂಗಡಿಯವನು ಹೊಸದನ್ನು ಹೊತ್ತು ತಂದು ನೆಲಕ್ಕಿಟ್ಟು, ಗೋಡೆಯ ಮೇಲಿದ್ದದ್ದನ್ನು ನೋಡಿದ. “ಇದನ್ನ ಬಿಚ್ಚಿಬಿಡ್ತೀನಿ. ಹಳೇದು ಹೊಸದು ಒಟ್ಟಿಗೆ ಹಾಕಿದ್ರೆ ಹೊಸದೂ ಹಾಳಾಗುತ್ತೆ. ಬೇಕಿದ್ರೆ ನಾನೇ ಗುಜರಿಗೆ ಹಾಕ್ತೀನಿ,” ಅಂದ. ಪಾಪ, ಅವನಿಗೇನು ಗೊತ್ತು. ನಿನ್ನ ಮಾವ ಪೈಪು ಎಳೆದುಕೊಂಡು ಬಂದು, ಕುರ್ಚಿ ಹಾಕಿಸಿಕೊಂಡು ಆ ಪೆಟ್ಟಿಗೆಯ ಕೆಳಗೇ ಕೂತುಬಿಟ್ಟರು. “ಮೊದ್ಲು ನನ್ ಪೈಪ್ ಕಿತ್ತಾಕು. ಆಮೇಲೆ ಅದನ್ನ ಕೀಳು.” ಅಂಗಡಿಯವನು ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಿದೆ. ಹೊಸದನ್ನು ಹಾಗೇ ನೆಲದ ಮೇಲೆ ಬಿಟ್ಟು, ಯೋಚನೆ ಮಾಡಿ ಫೋನ್ ಮಾಡಿ ಎಂದು ಹೇಳಿ ಹೊರಟ.

ಅವತ್ತು ನಾನು ನಿನಗೆ ಫೋನು ಮಾಡಿ ಅತ್ತದ್ದು ಬ್ಯಾಟರಿಗಲ್ಲ ಎಂದು ನಿನಗೆ ಅರ್ಥವಾಗಿತ್ತು ಎಂದು ಬಲ್ಲೆ. ನಮ್ಮ ಹುಡುಗನ ಹೆಸರನ್ನು ಈ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ‘ಅವನು’ ಎಂದರೆ ಇಬ್ಬರಿಗೂ ತಿಳಿಯುತ್ತದೆ, ಅಷ್ಟಕ್ಕೇ ಮಾತು ನಿಲ್ಲುತ್ತದೆ. ಅವನ ಬಟ್ಟೆಬರೆ ಕೊಟ್ಟಾಯಿತು, ಬೈಕು ಹೋಯಿತು. ಅವನು ಮಾಡಿದ್ದರಲ್ಲಿ ಇನ್ನೂ ಬಿಸಿಯಾಗಿ, ಹಸಿರು ದೀಪ ಹಚ್ಚಿಕೊಂಡು ಇರುವುದು ಅದೊಂದೇ. ಅದನ್ನು ಬಿಚ್ಚಿದ ಗೋಡೆಯನ್ನು ನೋಡಿಕೊಂಡು ನಿನ್ನ ಮಾವ ಉಸಿರಾಡಬೇಕಲ್ಲ ಎಂಬುದೇ ನನ್ನ ಹೆದರಿಕೆ.

“ಅಮ್ಮಾ, ಇವರು ಟವರ್ ಬ್ಯಾಟರಿ ನೋಡ್ಕೊಳ್ಳೋರು. ನಾಳೆ ಬೆಳಿಗ್ಗೆ ಬಸ್ಸಿಗೆ ಕಳಿಸ್ತೀನಿ,” ಎಂದು ನೀನು ಹೇಳಿದಾಗ ನಾನು ಬೇಡ ಬೇಡ ಎಂದೆ. ಬಾಯಿ ಬೇಡ ಎಂದಿತು ಅಷ್ಟೇ.

ಬಂದ. ಮದುವೆಯ ದಿನ ನೋಡಿದ್ದಕ್ಕಿಂತ ಕುಳ್ಳಗೆ ಕಂಡ. ಮೊಬೈಲ್ ಟವರಿನ ಕೆಲಸದವನು ಎಂದರೆ ತೆಂಗಿನಮರದ ಹಾಗಿರುತ್ತಾನೆ ಎಂದು ನಿನ್ನ ಮಾವನ ಲೆಕ್ಕ. “ಟವರ್ ಸಾಹೇಬ್ರು ಬಂದ್ರು, ಸ್ಟೂಲ್ ತಗೊಂಡು ಬಾರೇ,” ಎಂದು ಬಾಗಿಲಲ್ಲೇ ಶುರು ಮಾಡಿದರು. ನನಗೆ ನಾಚಿಕೆಯಿಂದ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅವನು ಮಾತ್ರ ನಕ್ಕು, ನಿಜವಾಗಿಯೂ ಸ್ಟೂಲು ಕೇಳಿ ಇಸಿದುಕೊಂಡ.

ಒಂದು ತಮಾಷೆ ಗಮನಿಸಿದೆ. ಇಡೀ ದಿನ ಅವನು ನಮ್ಮಿಬ್ಬರನ್ನೂ ಏನೆಂದೂ ಕರೆಯಲಿಲ್ಲ. “ಇಲ್ಲಿ ನೋಡಿ,” “ಸ್ವಲ್ಪ ಹಿಡ್ಕೊಳ್ಳಿ,” “ಲೈಟ್ ಹಾಕ್ತೀರಾ?” ಅಷ್ಟೇ. ಕರೆಯಲೇಬೇಕಾದಾಗ ಎದುರಿಗೆ ಬಂದು ನಿಂತು ಸಣ್ಣಗೆ ಕೆಮ್ಮುತ್ತಿದ್ದ. ಅವನದೂ ತಪ್ಪಿಲ್ಲ. ಹೆಂಡತಿಯ ಮೊದಲನೆಯ ಅತ್ತೆಮಾವ ತನಗೆ ಏನಾಗಬೇಕು ಎಂದು ಯಾವ ಹಿರಿಯರನ್ನು ಕೇಳಿದರೆ ಗೊತ್ತಾಗುತ್ತದೆ? ನನಗೂ ಅವನು ಏನಾಗಬೇಕೋ ತಿಳಿಯದು. ನಾನೂ “ಏನಪ್ಪಾ” ಎಂದು ಜಾರಿಕೊಂಡೆ.

ಪೆಟ್ಟಿಗೆಯ ಮುಚ್ಚಳ ತೆಗೆದು ಒಳಗೆ ಟಾರ್ಚು ಹಿಡಿದು ಒಂದೊಂದು ವೈರನ್ನೂ ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ, “ಎಷ್ಟು ನೀಟಾಗಿ ಮಾಡಿದಾರೆ. ಒಂದೊಂದು ವೈರಿಗೂ ಬಟ್ಟೆ ಟೇಪು ಸುತ್ತಿದಾರೆ,” ಅಂದ. ಮಾಡಿದಾರೆ, ಸುತ್ತಿದಾರೆ. ನಮ್ಮ ಹುಡುಗನನ್ನು ಅವನು ಅಷ್ಟು ಮರ್ಯಾದೆಯಿಂದ ಎತ್ತಿಕೊಂಡ. ಆ ಟೇಪು ನನ್ನ ಹೊಲಿಗೆ ಪೆಟ್ಟಿಗೆಯಿಂದ ಕದ್ದದ್ದು ಎಂದು ನಾನು ಹೇಳಲಿಲ್ಲ.

ಅಂಗಡಿಯವನು ಹೇಳಿದ್ದು ಸುಳ್ಳೇ ಎಂದು ಕೇಳಿದೆ. “ಇಲ್ಲ, ಅವ್ರು ಹೇಳಿದ್ದು ಸರಿನೇ. ಹಾಗೇ ಸೇರಿಸಿದ್ರೆ ಹಾಳೇ ಆಗೋದು. ಸಮ ಮಾಡಿ ಸೇರಿಸಿದ್ರೆ ಆಗುತ್ತೆ, ಆದ್ರೆ ಅದಕ್ಕೆ ಟೈಮ್ ಬೇಕು. ಅವ್ರಿಗೆ ದಿನಕ್ಕೆ ನಾಲ್ಕು ಮನೆ ಇರುತ್ತೆ, ನನಗೆ ಇವತ್ತು ಇದೊಂದೇ,” ಎಂದ. ಒಂದು ತುಂಬಿ ಒಂದು ಖಾಲಿ ಇರುವಾಗ ಎರಡನ್ನೂ ಜೋಡಿಸಿದರೆ ತುಂಬಿದ್ದು ಒಂದೇ ಏಟಿಗೆ ಖಾಲಿಯ ಕಡೆ ನುಗ್ಗುತ್ತದಂತೆ, ವೈರು ಕಾದು ಹೋಗುವಷ್ಟು. ಮೀಟರಿನಲ್ಲಿ ಎರಡೂ ಒಂದೇ ತೋರಿಸಿದರೆ ಸಾಲದೇ ಎಂದೆ. ಸಾಲದಂತೆ. ಈ ಜಾತಿಯ ಬ್ಯಾಟರಿ ಅರ್ಧ ಇದ್ದರೂ ಮುಕ್ಕಾಲು ಇದ್ದರೂ ಮೀಟರಿನಲ್ಲಿ ಹೆಚ್ಚುಕಡಿಮೆ ಒಂದೇ ಮುಖ ತೋರಿಸುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ಬಾಯಿತನಕ ತುಂಬಿಸಿ, ಸುಮ್ಮನೆ ಇರಲು ಬಿಟ್ಟು, ಆಮೇಲೆ ನೋಡಿದರೇ ನಿಜ ಗೊತ್ತಾಗುವುದು.

“ಹೊಸ ಬಟ್ಟೆನ ನೀರಿಗೆ ಹಾಕದೆ ಹಳೇ ಬಟ್ಟೆಗೆ ಸೇರಿಸಿ ಹೊಲಿದ್ರೆ ಮೊದಲ ಒಗೆತಕ್ಕೇ ಸುಕ್ಕಾಗುತ್ತಲ್ಲ, ಹಾಗಾ?” ಎಂದೆ. ಅವನು ಟೆಸ್ಟರು ಕೆಳಗಿಟ್ಟು ನನ್ನ ಮುಖ ನೋಡಿದ. “ಅದೇ. ಇನ್ಮೇಲೆ ನಾನು ಎಲ್ರಿಗೂ ಹಾಗೇ ಹೇಳ್ತೀನಿ.”

ಹಳೆಯದರೊಳಗೆ ಸಾಲಾಗಿರುವ ಸೆಲ್ಲುಗಳಲ್ಲಿ ಒಂದು ಹಿಂದೆ ಬಿದ್ದಿತ್ತು. ಅದೊಂದಕ್ಕೇ ಪುಟ್ಟ ಚಾರ್ಜರು ಸಿಕ್ಕಿಸಿ, ಮಗುವಿಗೆ ಚಮಚದಲ್ಲಿ ಕುಡಿಸಿದ ಹಾಗೆ ನಿಧಾನವಾಗಿ ಉಳಿದವುಗಳ ಸಮಕ್ಕೆ ತಂದ. ಹೊಸ ಪೆಟ್ಟಿಗೆಯನ್ನು ಹಳೆಯದರ ಪಕ್ಕ ಗೋಡೆಗೆ ಕೂರಿಸಿದ. ವೈರು ಕತ್ತರಿಸುವಾಗ ನನ್ನ ಅಳತೆಪಟ್ಟಿ ಇಸಿದುಕೊಂಡು ಎರಡು ಪೆಟ್ಟಿಗೆಗೂ ಒಂದೇ ಉದ್ದಕ್ಕೆ ಅಳೆದ. ನಿನ್ನ ಮಾವನಿಗೆ ತಡೆಯಲಾಗಲಿಲ್ಲ. “ಹೊಸದು ಇನ್ವರ್ಟರ್ ಪಕ್ಕದಲ್ಲೇ ಇದೆ. ಅದಕ್ಕೆ ಯಾಕೆ ಅಷ್ಟುದ್ದ? ಸುಮ್ನೆ ವೇಸ್ಟು.”

“ಹತ್ತಿರ ಇರೋದಕ್ಕೆ ಗಿಡ್ಡ ವೈರ್ ಕೊಟ್ರೆ ಕೆಲಸವೆಲ್ಲ ಅದರ ಮೇಲೇ ಬೀಳುತ್ತೆ. ಇನ್ನೊಂದು ದೂರ ಕೂತು ನೋಡುತ್ತೆ. ಇಬ್ಬರಿಗೂ ಒಂದೇ ಉದ್ದ ಇದ್ರೆ ಯಾರಿಗೂ ದೂರು ಇರಲ್ಲ.”

“ಮನೇಲಿ ಇದನ್ನೆಲ್ಲ ಮೊದ್ಲೇ ಹೇಳ್ಕೊಡಬೇಕಿತ್ತು,” ಎಂದು ನಿನ್ನ ಮಾವ ನನ್ನ ಕಡೆ ನೋಡಿ ಗೊಣಗಿದರು. ಅಡುಗೆಮನೆಗೆ ಹತ್ತಿರ ಕೂತವರು ಯಾರು, ದೂರ ಕೂತು ನೋಡುವವರು ಯಾರು ಎಂದು ನಾನು ಕೇಳಬೇಕೆಂದಿದ್ದೆ, ಅತಿಥಿಯ ಮುಂದೆ ಬೇಡ ಎಂದು ಬಿಟ್ಟೆ.

ಮಾರನೆಯ ದಿನ ಎರಡೂ ತುಂಬಿ, ತಣ್ಣಗೆ ಕೂತು, ಸಮವಾದವು. ಜೋಡಿಸಿದ. ಕಿಡಿ ಹಾರಲಿಲ್ಲ, ಸದ್ದಾಗಲಿಲ್ಲ. ಎರಡು ಪೆಟ್ಟಿಗೆಯ ಮೇಲೂ ಹಸಿರು ದೀಪ ಹತ್ತಿಕೊಂಡಿತು. ನಿನ್ನ ಮಾವ ಕುರ್ಚಿಯಿಂದಲೇ ಅವನಿಗೆ ಕೈ ಮುಗಿದರು. ಅವನು ಕಸಿವಿಸಿಗೊಂಡು ವೈರಿನ ಚೂರು ಆಯಲು ಶುರು ಮಾಡಿದ.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಒಂದು ಕಾರ್ಡಿನಲ್ಲಿ ಬರೆದು ಮುಗಿಸುತ್ತಿದ್ದೆ.

ಅವನು ಹೋಗಿ ವಾರ ಕಳೆದಿರಬಹುದು. ರಾತ್ರಿಯೆಲ್ಲ ಕರೆಂಟು ಇರಲಿಲ್ಲ. ಬೆಳಿಗ್ಗೆ ಒಲೆಯ ಮುಂದೆ ನಿಂತಿದ್ದೇನೆ, ನಡುಮನೆಯಲ್ಲಿ ಟಪ್ ಎಂದಿತು. ದೀಪ, ಫ್ಯಾನು, ಯಂತ್ರ ಎಲ್ಲ ಒಟ್ಟಿಗೆ ನಿಂತವು. ಯಂತ್ರ ಕಿರುಚಿಕೊಳ್ಳುವುದನ್ನು ನೀನು ಕೇಳಿಲ್ಲ, ಕೇಳುವುದೂ ಬೇಡ. ಓಡಿ ಹೋಗಿ, ಅವಸರಕ್ಕೆಂದು ಇಟ್ಟ ಆಕ್ಸಿಜನ್ ಸಿಲಿಂಡರಿಗೆ ಪೈಪು ಸಿಕ್ಕಿಸುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು. ನಿನ್ನ ಮಾವ ನಡುಮನೆಯ ಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತಿದ್ದರು. ಅಷ್ಟು ಬೆಳಿಗ್ಗೆ ಅಲ್ಲಿ ಯಾಕೆ ಕೂತಿದ್ದಾರೆ ಎಂದು ನನಗೆ ಆಗ ಹೊಳೆಯಲೇ ಇಲ್ಲ.

ನಿನ್ನ ಗಂಡನಿಗೆ ಫೋನು ಮಾಡಿದೆ. ಫೋನಿನಲ್ಲೇ ಒಂದೊಂದಾಗಿ ಹೇಳಿಕೊಟ್ಟು ಮತ್ತೆ ಹಚ್ಚಿಸಿದ. ಕೆಲವು ದಿನ ಸರಿಯಿತ್ತು. ಮತ್ತೊಂದು ಬೆಳಿಗ್ಗೆ ಹಾಗೇ ಆಯಿತು. ಈ ಸಲ ಅವನು, “ಎರಡನ್ನೂ ಬೇರೆ ಮಾಡಿ, ಹೊಸದೊಂದರ ಮೇಲೇ ನಡೆಸಿ. ನಾನು ಬರೋವರೆಗೆ ಜೋಡಿಸ್ಬೇಡಿ,” ಎಂದು ಹೇಳಿ ಮತ್ತೆ ಬಸ್ಸು ಹತ್ತಿ ಬಂದ.

ಎಲ್ಲ ಬಿಚ್ಚಿ ನೋಡಿದ, ಎಲ್ಲ ತಿರುಗಿ ಹಾಕಿದ, ಮತ್ತೆ ತುಂಬಿಸಿ ಸಮ ಮಾಡಿದ. ಬೆವರಿಳಿಯುತ್ತಿತ್ತು. “ನನ್ನ ಕೆಲಸದಲ್ಲಿ ಎಲ್ಲೋ ತಪ್ಪಿದೆ, ಎಲ್ಲಿ ಅಂತ ಗೊತ್ತಾಗ್ತಿಲ್ಲ,” ಎಂದು ನನ್ನ ಹತ್ತಿರ ಹೇಳಿದ. “ಬಹುಶಃ ಹಳೇದನ್ನ ತೆಗೆಯೋದೇ ವಾಸಿಯೇನೋ. ಅವರ ಉಸಿರಿನ ಜೊತೆ ನಾನು ಆಟ ಆಡಕ್ಕಾಗಲ್ಲ.” ಆ ಮಾತು ಅವನು ಹೇಳಿದ್ದು ಅಡುಗೆಮನೆಯಲ್ಲಿ, ಮೆಲ್ಲಗೆ. ಆದರೆ ನಡುಮನೆಯಲ್ಲಿ ನಿನ್ನ ಮಾವನ ಕೆಮ್ಮು ಥಟ್ಟನೆ ನಿಂತಿತು. ಬೇಡ ಎನ್ನಲು ನನಗೆ ಬಾಯಿಯಿಲ್ಲ, ಆಗಲಿ ಎನ್ನಲು ಮನಸ್ಸಿಲ್ಲ. “ಇವತ್ತೊಂದಿನ ನೋಡು,” ಎಂದೆ.

ಸಂಜೆ ಊಟ ಬೇಗ ಮುಗಿಸಿದೆವು. ಅವನು ನಡುಮನೆಯ ಮೂಲೆಯಲ್ಲಿ ಚಾಪೆ ಹಾಕಿಕೊಂಡು ಕೂತು ಮೊಬೈಲಿನಲ್ಲಿ ಬ್ಯಾಟರಿಯ ಲೆಕ್ಕ ನೋಡುತ್ತಿದ್ದ. ನಾನು ಒಳಗೆ ಕಾಲರು ಹೊಲಿಯುತ್ತಿದ್ದೆ. ನಿನ್ನ ಮಾವ ಪೈಪು ಎಳೆದುಕೊಂಡು ಗೋಡೆ ಹಿಡಿದು ಬಂದರು. ಮೂಲೆಯಲ್ಲಿ ಕೂತವನನ್ನು ಅವರು ನೋಡಲೇ ಇಲ್ಲ. ನೆಟ್ಟಗೆ ಹೋಗಿ ಹಳೆಯ ಪೆಟ್ಟಿಗೆಯ ಪಕ್ಕದ ದಪ್ಪ ಸ್ವಿಚ್ಚನ್ನು ಟಕ್ ಎಂದು ಕೆಳಗಿಳಿಸಿದರು. ಇಳಿಸಿ, ಪೆಟ್ಟಿಗೆಯ ಮೇಲೆ ಎರಡು ಸಲ ಅಂಗೈಯಿಂದ ತಟ್ಟಿದರು.

“ಏನ್ ಮಾಡ್ತಿದೀರಿ?” ಎಂದು ಮೂಲೆಯಿಂದ ನಿನ್ನ ಗಂಡ ಕೇಳಿದ.

ನಿನ್ನ ಮಾವ ಬೆಚ್ಚಿಬಿದ್ದರು. ಸದ್ದು ಕೇಳಿ ನಾನೂ ಬಾಗಿಲಿಗೆ ಬಂದೆ. “ಏನಿಲ್ಲ. ಮಲಗಿಸ್ತಾ ಇದೀನಿ,” ಎಂದರು, ಸಿಕ್ಕಿಬಿದ್ದ ಹುಡುಗನ ಹಾಗೆ.

“ಯಾರನ್ನ?”

“ಹಳೇದು ಅದು. ರಾತ್ರಿಯೆಲ್ಲ ನನ್ನ ಮೂಗಿಗೆ ಅಂತ ಅದು ಯಾಕೆ ದುಡೀಬೇಕು? ಹೊಸದು ದುಡೀಲಿ, ಗಟ್ಟಿ ಇದೆ. ಬೆಳಿಗ್ಗೆ ಮತ್ತೆ ನಾನೇ ಎಬ್ಬಿಸ್ತೀನಿ. ಹೀಗೆ ನೋಡ್ಕೊಂಡ್ರೆ ನನಗಿಂತ ಹೆಚ್ಚು ದಿನ ಬರುತ್ತೆ.”

ನೋಡಿದೆಯಾ? ನಿನ್ನ ಗಂಡ ಎರಡು ಸಲ ಬಂದು, ಸೆಲ್ಲು ಸೆಲ್ಲು ಸಮ ಮಾಡಿ, ಅಳತೆಪಟ್ಟಿ ಹಿಡಿದು ವೈರು ಕತ್ತರಿಸಿದ್ದೆಲ್ಲ ಇವರು ಸಂಜೆಯ ಒಂದು ಟಕ್ಕಿನಲ್ಲಿ ನೀರಿಗೆ ಹಾಕುತ್ತಿದ್ದರು. ಕರೆಂಟು ಇದ್ದ ರಾತ್ರಿ ಏನೂ ಆಗುತ್ತಿರಲಿಲ್ಲ. ಕರೆಂಟು ಹೋದ ರಾತ್ರಿ ಹೊಸದು ಒಂದೇ ದುಡಿದು ಬಸವಳಿದಿರುತ್ತಿತ್ತು, ಹಳೆಯದು ತುಂಬಿಕೊಂಡು ಮಲಗಿರುತ್ತಿತ್ತು. ಬೆಳಿಗ್ಗೆ ಇವರು ಪ್ರೀತಿಯಿಂದ ಎಬ್ಬಿಸಿದರೆ, ತುಂಬಿದ್ದು ಖಾಲಿಯ ಮೇಲೆ ಬೀಳದೆ ಇನ್ನೇನು? ಎರಡೂ ಬೆದರಿ ತಾವೇ ಆಫ್ ಆಗುತ್ತಿದ್ದವು. ನನಗೆ ಬಂದ ಸಿಟ್ಟಿಗೆ ಕೈಯಲ್ಲಿದ್ದ ಕತ್ತರಿ ಬಿಸಾಡಬೇಕು ಅನ್ನಿಸಿತು. “ನಿಮ್ಮ ಉಸಿರು ನಿಂತಿದ್ರೆ ಗತಿ ಏನ್ರೀ?” ಎಂದು ಕೂಗಿಯೇಬಿಟ್ಟೆ. ನಿನ್ನ ಗಂಡ ಕೈ ಅಡ್ಡ ಮಾಡಿ ನನ್ನನ್ನು ನಿಲ್ಲಿಸಿದ.

ಅವನು ಬಯ್ಯಲಿಲ್ಲ, ನಗಲೂ ಇಲ್ಲ. ಕುರ್ಚಿ ತಂದು ಅವರನ್ನು ಕೂರಿಸಿ, ತಾನು ಎದುರಿಗೆ ನೆಲದ ಮೇಲೆ ಕೂತ.

“ತುಂಬಿಸಿ ಸುಮ್ನೆ ಇಟ್ರೂ ಇದಕ್ಕೆ ವಯಸ್ಸಾಗುತ್ತೆ. ನೀವು ಉಳಿಸ್ತಿದೀರಿ ಅಂದ್ಕೊಂಡಿದೀರಿ. ಬೆಳಿಗ್ಗೆ ನೀವು ಸ್ವಿಚ್ ಹಾಕ್ದಾಗ ಇದು ಇರೋದನ್ನೆಲ್ಲ ಒಂದೇ ಏಟಿಗೆ ಸುರಿಯುತ್ತೆ. ರಾತ್ರಿಯೆಲ್ಲ ಸ್ವಲ್ಪ ಸ್ವಲ್ಪ ಕೊಡೋದ್ರಲ್ಲಿ ಇದಕ್ಕೆ ನೋವಿಲ್ಲ. ಆ ಒಂದು ಏಟಲ್ಲಿ ಇದೆ.”

ನಿನ್ನ ಮಾವ ತಲೆ ತಗ್ಗಿಸಿದರು. ತಾವು ದಿನಾ ಅದಕ್ಕೆ ನೋವು ಕೊಡುತ್ತಿದ್ದೆವು ಎಂಬ ಮಾತು ಅವರಿಗೆ ತಗುಲಿತು ಎಂದು ಕಾಣುತ್ತದೆ.

“ಈಗ ಇದು ಒಂಟಿ ಅಲ್ಲ. ಪಕ್ಕದಲ್ಲಿ ಗಟ್ಟಿಯಾದದ್ದಿದೆ. ಭಾರ ಬಂದಾಗ ಅದೇ ಹೆಚ್ಚು ಹೊರುತ್ತೆ, ಇದು ತನ್ನ ಕೈಲಾದಷ್ಟು ಕೊಡುತ್ತೆ. ಯಾರೂ ಹೇಳ್ಕೊಡೋದು ಬೇಡ, ತಾವೇ ಹಂಚ್ಕೊಳ್ತವೆ.”

“ಎಷ್ಟು ವರ್ಷ ಬರುತ್ತೆ?”

ಹೂಂ, ಬಹಳ ವರ್ಷ ಬರುತ್ತೆ ಎಂದು ಒಂದು ಸುಳ್ಳು ಹೇಳಿಬಿಡಪ್ಪ ಎಂದು ನಾನು ಬಾಗಿಲಲ್ಲಿ ನಿಂತು ಬೇಡಿಕೊಳ್ಳುತ್ತಿದ್ದೆ. ಅವನು ಹೇಳಲಿಲ್ಲ. “ಗೊತ್ತಿಲ್ಲ. ಒಂದು ದಿನ ನಿಲ್ಲುತ್ತೆ. ಅಲ್ಲಿವರೆಗೆ ನಿಮಗೋಸ್ಕರ ದುಡೀಲಿ ಬಿಡಿ. ಮಾಡಿದೋರು ಅದಕ್ಕೇ ತಾನೆ ಮಾಡಿದ್ದು?”

ನಿನ್ನ ಮಾವ ಸ್ವಿಚ್ಚಿನ ಕಡೆ ನೋಡಿ, “ಈಗ ಹಾಕ್ಬಹುದಾ?” ಎಂದು ಕೇಳಿದರು. “ಈಗ ಹಾಕ್ಬಹುದು. ಎರಡೂ ಇನ್ನೂ ಸಮ ಇವೆ,” ಎಂದು ಅವನು ಎದ್ದು ಕೈ ಕೊಟ್ಟ. ಅವರು ತಾವೇ ಸ್ವಿಚ್ಚು ಮೇಲೆತ್ತಿದರು. ಟಪ್ ಎನ್ನಲಿಲ್ಲ, ಯಾವುದೂ ನಿಲ್ಲಲಿಲ್ಲ. ಅಷ್ಟು ತಣ್ಣಗಿನ ಟಕ್ಕು ನಾನು ಇದುವರೆಗೆ ಕೇಳಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ನಿನ್ನ ಮಾವ ಹಳೆಯ ಹತಾರದ ಪೆಟ್ಟಿಗೆ ಬಿಚ್ಚಿಕೊಂಡು, ಒಂದು ತುಂಡು ಹಲಗೆಗೆ ಮರಳುಕಾಗದ ಉಜ್ಜುತ್ತ ಕೂತಿದ್ದಾರೆ. ಅವರು ಹತಾರ ಮುಟ್ಟಿ ಎಷ್ಟು ಕಾಲವಾಗಿತ್ತು! ಆ ಸ್ವಿಚ್ಚಿಗೆ ಒಂದು ಮುಚ್ಚಳವಂತೆ. ಅವಸರಕ್ಕೆ ಬೇಕಾದಾಗ ತೆಗೆಯುವ ಹಾಗೆ ಕೀಲು ಇಟ್ಟ ಮುಚ್ಚಳ. “ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ ಕಣೇ. ಸಂಜೆ ಆದ್ರೆ ಹೋಗಿಬಿಡುತ್ತೆ,” ಎಂದರು. ಧೂಳು ಬೇಡ ಎಂದು ನಾನು ಒದ್ದೆ ಬಟ್ಟೆ ಕಟ್ಟಿದರೆ, ಅದರೊಳಗಿಂದಲೇ ನಿನ್ನ ಗಂಡನಿಗೆ ಎಲ್ಲಿ ತೂತು ಕೊರೆಯಬೇಕು ಎಂದು ಹುಕುಂ ಮಾಡುತ್ತಿದ್ದರು. ಅವನು ಸ್ಟೂಲು ಹತ್ತಿ, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು ಅದನ್ನು ಗೋಡೆಗೆ ಕೂರಿಸಿದ. ಆ ಸ್ಕ್ರೂ ವಿಷಯ ಆಮೇಲೆ ಹೇಳುತ್ತೇನೆ.

ನೋಡು, ಇಷ್ಟು ಬರೆಯುವಷ್ಟರಲ್ಲಿ ಕರೆಂಟು ಹೋಯಿತು. ಎದ್ದು ಹೋಗಿ ನೋಡಿ ಬಂದೆ. ಎರಡು ಹಸಿರು ದೀಪ ಪಕ್ಕಪಕ್ಕದಲ್ಲಿ ಉರಿಯುತ್ತಿವೆ. ನಿನ್ನ ಮಾವನ ನಿದ್ದೆಗೆ ಭಂಗವಿಲ್ಲ, ಯಂತ್ರದ ಬುಸುಬುಸು ಒಂದು ಕ್ಷಣವೂ ತಪ್ಪಲಿಲ್ಲ. ಆವತ್ತಿನಿಂದ ಒಂದು ಬೆಳಿಗ್ಗೆಯೂ ಟಪ್ ಎಂದಿಲ್ಲ. ರಾತ್ರಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದವಳು ಈಗ ಗೊರಕೆ ಹೊಡೆಯುತ್ತೇನಂತೆ. ದೂರು ಕೊಟ್ಟವರು ಯಾರು ಎಂದು ಹೇಳಬೇಕಾಗಿಲ್ಲ.

ನಮ್ಮಿಂದ ನಿಮಗೆ ಏನೂ ಆಗಬೇಕಾದ್ದಿಲ್ಲ, ಆದರೂ ನೀವಿಬ್ಬರೂ ನಮ್ಮ ಕೈ ಬಿಡಲಿಲ್ಲ. ನಿನ್ನನ್ನು ಕಳಿಸಿಕೊಟ್ಟ ದಿನ ಈ ಮನೆಯ ಬಾಗಿಲು ಹಾಕಿಕೊಂಡು, ಇನ್ನು ನಾವಿಬ್ಬರೇ ಎಂದುಕೊಂಡಿದ್ದೆ. ನನ್ನ ಲೆಕ್ಕ ತಪ್ಪಾಯಿತು. ಲೆಕ್ಕ ತಪ್ಪಿದ್ದಕ್ಕೆ ಇಷ್ಟು ಸಂತೋಷಪಟ್ಟದ್ದು ನನಗೆ ನೆನಪಿಲ್ಲ.

ಹುಷಾರಾಗಿರು. ಭಾರ ಎತ್ತಬೇಡ, ಹೊತ್ತು ಹೊತ್ತಿಗೆ ಊಟ ಮಾಡು. ಮೆತ್ತನೆಯ ಬಟ್ಟೆಯಲ್ಲಿ ಪುಟ್ಟ ಹೊದಿಕೆಗಳನ್ನು ಹೊಲಿದಿಟ್ಟಿದ್ದೇನೆ. ನಾಲ್ಕು ಸಲ ಒಗೆದೇ ಹೊಲಿದದ್ದು, ಸುಕ್ಕಾಗುವುದಿಲ್ಲ. ಹುಟ್ಟುವ ಮಗು ನಮ್ಮನ್ನು ಏನೆಂದು ಕರೆಯಬೇಕು ಎಂದು ನೀವಿಬ್ಬರೂ ಕೂತು ತಲೆ ಕೆಡಿಸಿಕೊಳ್ಳಬೇಡಿ. ಅಜ್ಜ, ಅಜ್ಜಿ ಎಂದರೆ ಸಾಕು, ಮಕ್ಕಳು ಲೆಕ್ಕ ಕೇಳುವುದಿಲ್ಲ. ನಿನ್ನ ಮಡಿಲು ತಣ್ಣಗಿರಲಿ. ನಿನ್ನ ಗಂಡ ಯಾವ ಟವರು ಹತ್ತಿದರೂ ಕ್ಷೇಮವಾಗಿ ಕೆಳಗಿಳಿಯಲಿ.

ಹೊಲಿಗೆ ಮೆಷಿನ್ನಿನ ಮುಂದಿನಿಂದ,
ನಿನ್ನ ಅತ್ತೆ, ಅಥವಾ ಅಮ್ಮ, ಬಾಯಿಗೆ ಯಾವುದು ಬಂದರೆ ಅದು

ಮತ್ತೆ ಬರೆದದ್ದು: ಸ್ಕ್ರೂ ವಿಷಯ ಹೇಳದೆಯೇ ಲಕೋಟೆ ಅಂಟಿಸಿಬಿಡೋಣ ಎಂದುಕೊಂಡಿದ್ದೆ. ಅಂಟು ಹಚ್ಚಿದ ಮೇಲೆ ಮನಸ್ಸು ಕೇಳಲಿಲ್ಲ.

ಅವನು ಸ್ಟೂಲಿನ ಮೇಲೆ ನಿಂತಿದ್ದ, ನನ್ನ ಕಡೆ ಬೆನ್ನು. ನಾನು ಸ್ಟೂಲು ಹಿಡಿದುಕೊಂಡಿದ್ದೆ. ಅವನ ತುಟಿಯ ನಡುವೆ ಎರಡು ಸ್ಕ್ರೂ. ನಮ್ಮವನು ಅಂಬೆಗಾಲಿಡುವಾಗ ಈ ಮೆಷಿನ್ನಿನ ಬೋಲ್ಟು ನುಂಗಿ, ನಾವು ಎತ್ತಿಕೊಂಡು ಆಸ್ಪತ್ರೆಗೆ ಓಡಿ, ಕೊನೆಗೆ ಅದೇ ಅವನ ಹೆಸರಾಗಿ ಉಳಿದ ಕಥೆ ನಿನಗೆ ಗೊತ್ತು. ದೊಡ್ಡವನಾದರೂ ಅವನು ಸ್ಕ್ರೂ ಕಚ್ಚುವ ಚಾಳಿ ಬಿಡಲಿಲ್ಲ, ನಾನು ಬಯ್ಯುವುದು ಬಿಡಲಿಲ್ಲ. ಆವತ್ತು ನನಗೇ ಗೊತ್ತಿಲ್ಲದ ಹಾಗೆ ಬಾಯಿಂದ ಬಂದುಬಿಟ್ಟಿತು. “ಲೋ ಬೋಲ್ಟು, ಬಾಯಿಂದ ಸ್ಕ್ರೂ ತೆಗಿಯೋ. ಎಷ್ಟು ಸಲ ಹೇಳ್ಬೇಕೋ ನಿಂಗೆ?”

ನಮ್ಮವನು ಹೋದ ಮೇಲೆ ಆ ಹೆಸರು ಈ ಮನೆಯಲ್ಲಿ ಕೇಳಿದ್ದು ಅದೇ ಮೊದಲು. ಹಿಂದೆ ನಿನ್ನ ಮಾವನ ಹುಕುಂ ಅರ್ಧಕ್ಕೇ ನಿಂತುಹೋಯಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ.

ನಿನ್ನ ಗಂಡ ತಿರುಗಿ ನೋಡಲಿಲ್ಲ. ಎರಡೂ ಸ್ಕ್ರೂ ಬಾಯಿಂದ ತೆಗೆದು ಅಂಗೈಯಲ್ಲಿ ಹಿಡಿದುಕೊಂಡ.

“ಹೂಂ ಅಮ್ಮ. ತೆಗೆದೆ,” ಅಂದ.

ಆಮೇಲೆ, ಆಗಲೇ ಬಿಗಿಯಾಗಿದ್ದ ಇನ್ನೊಂದು ಸ್ಕ್ರೂವನ್ನು ನಾನು ಮುಖ ಒರೆಸಿಕೊಂಡು ಮುಗಿಸುವವರೆಗೂ ತಿರುಗಿಸುತ್ತಲೇ ಇದ್ದ.

ಇದನ್ನು ಅವನು ನಿನಗೆ ಹೇಳಿರಲಾರ. ನೀನೂ ಕೇಳಬೇಡ. ಮುಂದಿನ ಸಲ ಬಂದಾಗ ಅವನು ಮತ್ತೆ ಎದುರಿಗೆ ನಿಂತು ಕೆಮ್ಮಿದರೂ ನನಗೆ ಬೇಸರವಿಲ್ಲ. ನಾನು ಆ ಹೆಸರು ಹಿಡಿದು ಕರೆದೆ, ಈ ಮನೆಯೊಳಗಿಂದ ಒಬ್ಬ ಹೂಂ ಅಂದ.